ಶಾಸನದ ಆಳ ಮತ್ತು ಜೋಡಿಚಿತ್ರ: ಹಳೆಯ ಫಿಲ್ಮ್ ಕ್ಯಾಮೆರಗಳ ಮಾರ್ಪಾಟಿನ ಒಂದು ಪ್ರಯೋಗ

ಶಾಸನಾಭ್ಯಾಸದಲ್ಲಿ ತೊಡಗಿದವರಿಗೆ ಪಡಿಯಚ್ಚಿನ ಉಪಯೋಗವು ವಿದಿತವೇ ಇದೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮಸಿಯನ್ನು ಒತ್ತಿದರೆ ಕೊರೆದ ಅಕ್ಷರಗಳು ಬಿಳಿದಾಗಿ ಉಳಿಯುತ್ತವೆ. ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿಯವರು 1958ರಲ್ಲಿ ಸಂಪುಟವಾಗಿ ಹೊರತಂದ ಕಾಲದಲ್ಲಿಯೂ ಇದೇ ಕ್ರಮ. ಇಂದಿಗೂ ಇದನ್ನು ಬಿಡುವಂತಿಲ್ಲ. ಆದರೆ ಪಡಿಯಚ್ಚಿಗೆ ಒಂದು ಕೊರತೆಯುಂಟು. ಅದು ಆಳವನ್ನು ಹೇಳಲಾರದು. ಉಳಿಯಿಂದ ಕೊರೆದ ಗೆರೆಯೂ ಬಿಸಿಲುಮಳೆಗೆ ಬಿಟ್ಟ ಬಿರುಕೂ ಕಾಗದದ ಮೇಲೆ ಒಂದೇ ಬಿಳುಪು. ಹಳಗನ್ನಡ ಲಿಪಿಯಲ್ಲಿ ಪಕಾರಕ್ಕೂ ಷಕಾರಕ್ಕೂ ಇರುವ ಭೇದವು ಒಳಗಿನ ಒಂದು ಸಣ್ಣ ಗೆರೆ ಮಾತ್ರ ಎಂಬುದನ್ನು ನೆನೆದರೆ ಈ ಕೊರತೆಯು ಎಷ್ಟು ದೊಡ್ಡದೆಂಬುದು ತಿಳಿದೀತು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ನಾವು ವಿದ್ಯಾರ್ಥಿಗಳೊಡನೆ ಸಂಚರಿಸುವಾಗ ಈ ತೊಡಕು ಪದೇ ಪದೇ ಎದುರಾಯಿತು. ಆಳಂದದ ಕಡೆ ಕರಿಯ ಬಸಾಲ್ಟು ಕಲ್ಲು. ಜೇವರ್ಗಿಯ ಕಡೆ ಶಹಾಬಾದಿನ ಫರಸಿಯಂಥ ಪದರುಗಲ್ಲೂ ಸಿಗುತ್ತದೆ, ಅದು ಪದರು ಪದರಾಗಿ ಏಳುತ್ತದೆ. ಇದರ ಮೇಲೆ ಜನರ ಭಕ್ತಿಯೂ ಸೇರಿದೆ. ವೀರಗಲ್ಲಿಗೆ ಎಣ್ಣೆ, ಶಾಸನಕ್ಕೆ ಸುಣ್ಣ, ಈಚೆಗೆ ಎನಾಮೆಲ್ ಬಣ್ಣ. ಇಂದು ಓದಬಹುದಾದ ಸಾಲು ಬರುವ ವರ್ಷ ಓದಲು ಸಿಕ್ಕೀತೆಂಬ ಭರವಸೆಯಿಲ್ಲ. ಆದುದರಿಂದ ಆಳವನ್ನೂ ಹಿಡಿದಿಡುವ ದಾಖಲೆಯೊಂದು ಬೇಕೆಂದು ನಮಗೆ ತೋರಿತು.

ಎರಡು ಕಣ್ಣುಗಳು ಒಂದೇ ವಸ್ತುವನ್ನು ಕೊಂಚ ಬೇರೆ ಬೇರೆ ಕೋನದಿಂದ ನೋಡುವುದರಿಂದಲೇ ಆಳದ ಅರಿವು ಉಂಟಾಗುತ್ತದೆಂದು ಚಾರ್ಲ್ಸ್ ವೀಟ್‌ಸ್ಟನ್ನನು 1838ರಲ್ಲಿ ಕನ್ನಡಿಗಳ ಉಪಕರಣದಿಂದ ತೋರಿಸಿದನು. ಛಾಯಾಚಿತ್ರಣದ ಶೋಧವು ಲೋಕಕ್ಕೆ ಪ್ರಕಟವಾದದ್ದು ಅದರ ಮರುವರ್ಷ. 1849ರಲ್ಲಿ ಬ್ರೂಸ್ಟರನು ಗಾಜಿನ ಮಸೂರಗಳ ಸ್ಟೀರಿಯೋಸ್ಕೋಪನ್ನು ರೂಪಿಸಿದ ಬಳಿಕ ಅದು ಮನೆಮನೆಯ ವಿನೋದವಾಯಿತು. ವಿನೋದವಾದುದರಿಂದಲೇ ಏನೋ, ವಿದ್ವಾಂಸರು ಅದನ್ನು ಬಹುಕಾಲ ಗಂಭೀರವಾಗಿ ಎಣಿಸಲಿಲ್ಲ. ಆದರೆ ವಿಮಾನದಿಂದ ತೆಗೆದ ಜೋಡಿಚಿತ್ರಗಳಿಂದ ಭೂಪಟಗಳನ್ನು ರಚಿಸುವ ಕೆಲಸವು ನಡೆದದ್ದು ಇದೇ ತತ್ತ್ವದಿಂದ.

ಅಮೆರಿಕದಲ್ಲಿ 1947ರಿಂದ ಮಾರಾಟಕ್ಕೆ ಬಂದ ಸ್ಟೀರಿಯೋ ರಿಯಲಿಸ್ಟ್ ಮೊದಲಾದ ಎರಡು ಮಸೂರದ ಕ್ಯಾಮೆರಗಳು ನಮ್ಮ ಕೈಗೆ ಎಟಕುವಂಥವಲ್ಲ. ಎರಡು ಕ್ಯಾಮೆರಗಳನ್ನು ಗರಗಸದಿಂದ ಕೊಯ್ದು ಒಂದಾಗಿ ಬೆಸೆಯುವ ಕುಶಲಿಗಳೂ ಉಂಟು. ನಾವು ಅದಕ್ಕೆ ಒಪ್ಪಲಿಲ್ಲ. ಹಳೆಯ ಕ್ಯಾಮೆರವೂ ಒಂದು ಕಾಲದ ಸಾಕ್ಷಿ. ಒಂದು ಸಾಕ್ಷಿಯನ್ನು ಓದಲೆಂದು ಮತ್ತೊಂದನ್ನು ಕತ್ತರಿಸುವುದು ಇತಿಹಾಸದ ಅಧ್ಯಾಪಕರಿಗೆ ಒಪ್ಪತಕ್ಕ ಕೆಲಸವಲ್ಲ. ವಿದ್ಯಾರ್ಥಿಗಳ ಮನೆಯ ಅಟ್ಟಗಳಿಂದ ಬಂದ ಆಗ್ಫಾ ಕ್ಲಿಕ್–3 ಕ್ಯಾಮೆರಗಳನ್ನು ಇದ್ದಂತೆಯೇ ಉಪಯೋಗಿಸಿದೆವು. ಬರೋಡದಲ್ಲಿ ತಯಾರಾಗುತ್ತಿದ್ದ ಈ ಕ್ಯಾಮೆರದಲ್ಲಿ 120 ಅಳತೆಯ ಫಿಲ್ಮಿನ ಮೇಲೆ 6 ಸೆಂ.ಮೀ. ಚೌಕದ 12 ಚಿತ್ರಗಳು ಬರುತ್ತವೆ.

ಈ ಚೌಕವೇ ನಮಗೆ ದೊರೆತ ಅನುಕೂಲ. ಎರಡು ಕ್ಯಾಮೆರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮಸೂರಗಳ ನಡುವಣ ಅಂತರವು ಹಿಗ್ಗುತ್ತದೆ. ತಳಕ್ಕೆ ತಳ ತಾಗಿಸಿ ಅಡ್ಡಲಾಗಿ ಮಲಗಿಸಿದರೆ ಅದು ಕುಗ್ಗುತ್ತದೆ. ಚಿತ್ರವು ಚೌಕವಾದುದರಿಂದ ಅಡ್ಡವಾದರೂ ನಷ್ಟವಿಲ್ಲ, ಮುದ್ರಿಸುವಾಗ ತಿರುಗಿಸಿಕೊಂಡರೆ ಸಾಕು. ಬಡಗಿಯಿಂದ ಒಂದು ಮರದ ತೊಟ್ಟಿಲನ್ನು ಮಾಡಿಸಿ ಎರಡನ್ನೂ ಅದರಲ್ಲಿ ಕೂರಿಸಿದೆವು. ಮಸೂರಗಳ ಅಂತರವು ವಸ್ತುವಿನ ದೂರದ ಮೂವತ್ತನೆಯ ಒಂದು ಭಾಗವಿರಬೇಕೆಂಬುದು ಸ್ಥೂಲವಾದ ನಿಯಮ. ಅಂತರವು 9 ಸೆಂ.ಮೀ. ಇದ್ದರೆ 2.7 ಮೀಟರು ದೂರದಲ್ಲಿ ನಿಲ್ಲಬೇಕು. ಇಡೀ ವೀರಗಲ್ಲಿಗೆ ಇದು ಹೊಂದುತ್ತದೆ. ಗಾಣಗಾಪುರದ ಸಂಗಮದಲ್ಲಿ, ಆಳಂದದ ಲಾಡ್ಲೆ ಮಶಾಯಕರ ಉರುಸಿನಲ್ಲಿ ಸೇರುವ ಜನಸಂದಣಿಗೂ ಜೋಡಿ ಕ್ಯಾಮೆರವೇ ಬೇಕು. ಜನರು ಎರಡನೆಯ ಚಿತ್ರಕ್ಕಾಗಿ ಕಾದು ನಿಲ್ಲುವುದಿಲ್ಲ. ಎರಡು ಹಳೆಯ ಶಟರುಗಳು ಒಟ್ಟಿಗೆ ತೆರೆಯುತ್ತವೆಯೋ ಎಂದು ತಿಳಿಯಲು ಸೈಕಲ್ಲಿನ ಗಾಲಿಗೆ ಬಿಳಿಯ ಕಾಗದವೊಂದನ್ನು ಅಂಟಿಸಿ, ತಿರುಗಿಸಿ ಚಿತ್ರ ತೆಗೆದೆವು. ಎರಡು ಚಿತ್ರಗಳಲ್ಲಿ ಕಾಗದದ ಸ್ಥಾನವು ಎಷ್ಟು ಬೇರೆಯೋ ಶಟರುಗಳ ವ್ಯತ್ಯಾಸವೂ ಅಷ್ಟೆ.

ಅಕ್ಷರಗಳ ವಿಷಯ ಬೇರೆ. ಅವುಗಳಿಗೆ ಹತ್ತಿರ ಹೋಗಬೇಕು. ದೂರದ ಗುರುತಿಗೆ ನಿಲ್ಲಿಸಿದ ಮಸೂರದ ಮುಂದೆ ಪ್ಲಸ್ ಎರಡು ಸಂಖ್ಯೆಯ ಕನ್ನಡಕದ ಗಾಜನ್ನು ಕಟ್ಟಿದರೆ 50 ಸೆಂ.ಮೀ. ದೂರದ ವಸ್ತುವು ಸ್ಫುಟವಾಗುತ್ತದೆ. ಕ್ಯಾಮೆರಕ್ಕೆ ಅಷ್ಟೇ ಉದ್ದದ ದಾರವನ್ನು ಕಟ್ಟಿಕೊಂಡರೆ ಅಳತೆ ತಪ್ಪದು. ಈ ದೂರಕ್ಕೆ ಬೇಕಾದ ಅಂತರವು ಕೇವಲ 17 ಮಿ.ಮೀ.; ಇಲ್ಲಿ ಎರಡು ಕ್ಯಾಮೆರಗಳಿಗೆ ಎಡೆಯಿಲ್ಲ. ಒಂದೇ ಕ್ಯಾಮೆರವನ್ನು ಮರದ ಗಾಡಿಯಲ್ಲಿ ಕೂರಿಸಿ, ಎಡಗಡೆಯಲ್ಲಿ ಒಂದು ಚಿತ್ರ, 17 ಮಿ.ಮೀ. ಬಲಕ್ಕೆ ಸರಿಸಿ ಮತ್ತೊಂದು. ಕ್ಯಾಮೆರವನ್ನು ಓರೆಮಾಡದೆ ಸಮಾನಾಂತರವಾಗಿಯೇ ಸರಿಸತಕ್ಕದ್ದು.

ಈ ಕ್ರಮದಲ್ಲಿ ನಾವು ಒಮ್ಮೆ ಎಡವಿದೆವು. ಜೇವರ್ಗಿ ತಾಲೂಕಿನ ಹಳ್ಳಿಯೊಂದರ ಹೊರಗೆ ಬೆಳಗಿನ ಓರೆಬಿಸಿಲಿನಲ್ಲಿ ಎಡದ ಚಿತ್ರವನ್ನು ತೆಗೆದ ಬಳಿಕ ಊರ ಹಿರಿಯರು ಚಹಾಕ್ಕೆ ಕರೆದರು, ನಿರಾಕರಿಸುವುದು ಸೌಜನ್ಯವಾಗಿರಲಿಲ್ಲ. ಬಲದ ಚಿತ್ರವು ಹತ್ತು ನಿಮಿಷ ತಡವಾಯಿತು. ಹತ್ತು ಡಿಗ್ರಿ ಎತ್ತರದಲ್ಲಿದ್ದ ಸೂರ್ಯನು ಅಷ್ಟರಲ್ಲಿ ಹನ್ನೆರಡನ್ನು ಮೀರಿರುತ್ತಾನೆ; ನೆರಳುಗಳು ಸುಮಾರು ಐದನೆಯ ಒಂದು ಭಾಗ ಮೋಟಾಗಿರುತ್ತವೆ. ಜೋಡಿಯನ್ನು ನೋಡಿದಾಗ ಪಕಾರವೆಂದು ಓದಿದ್ದ ಅಕ್ಷರದೊಳಗೆ ಆಳವಾದ ಗೆರೆಯೊಂದು ಸ್ಪಷ್ಟವಾಗಿ ಕಂಡಿತು. ಷಕಾರವೆಂದು ತಿದ್ದಿ, ಟಿಪ್ಪಣಿಯನ್ನೂ ಬರೆದುಬಿಟ್ಟೆವು. ವಿದ್ಯಾರ್ಥಿನಿಯೊಬ್ಬಳು ಎರಡು ಚಿತ್ರಗಳ ಅಂಚಿನ ನೆರಳುಗಳನ್ನು ಅಳೆದು ಅವು ಹೊಂದುವುದಿಲ್ಲವೆಂದು ತೋರಿಸದಿದ್ದರೆ ಆ ಪಾಠವು ಅಚ್ಚಾಗುತ್ತಿತ್ತು. ಮತ್ತೆ ಹೋಗಿ, ಒಂದು ನಿಮಿಷದೊಳಗೆ ಎರಡನ್ನೂ ತೆಗೆದೆವು. ಗೆರೆ ಮಾಯವಾಗಿ ಮೇಲ್ಮೈಯ ಗೀರೊಂದು ಮಾತ್ರ ಉಳಿಯಿತು. ಅಂದಿನಿಂದ ಪ್ರತಿ ಚಿತ್ರದ ವೇಳೆಯನ್ನು ಬರೆದಿಡುತ್ತೇವೆ. ನೆರಳಿನಲ್ಲಿರುವ ಕಲ್ಲಿಗೆ ಬಿಳಿಯ ಬಟ್ಟೆಯಿಂದ ಬೆಳಕನ್ನು ಓರೆಯಾಗಿ ತಿರುಗಿಸುವುದನ್ನು ರೂಢಿಸಿಕೊಂಡಿದ್ದೇವೆ.

ಮತ್ತೊಂದು ಅಪಾಯವು ಎಡಬಲಗಳು ಅದಲುಬದಲಾಗುವುದು. ಆಗ ಕೊರೆದ ಅಕ್ಷರಗಳು ಉಬ್ಬಿ ನಿಲ್ಲುತ್ತವೆ, ವೀರನು ಕಲ್ಲಿನೊಳಕ್ಕೆ ಇಳಿಯುತ್ತಾನೆ. ಇದು ನೋಡಿದೊಡನೆ ತಿಳಿಯುವ ತಪ್ಪಾದುದರಿಂದ ಅಷ್ಟು ಭಯವಿಲ್ಲ.

ನೆಗೆಟಿವ್‌ನಿಂದ ನೇರವಾಗಿ ಪಡೆದ 6 ಸೆಂ.ಮೀ. ಮುದ್ರಣಗಳನ್ನು ರಟ್ಟಿನ ಮೇಲೆ ಒತ್ತಾಗಿ ಅಂಟಿಸಿದರೆ ಅವುಗಳ ನಡುವಣ ಅಂತರವು ಮನುಷ್ಯನ ಕಣ್ಣುಗಳ ಅಂತರಕ್ಕೆ ಬಹುಮಟ್ಟಿಗೆ ಸರಿಹೊಂದುತ್ತದೆ. ದೊಡ್ಡದು ಮಾಡುವ ಅಗತ್ಯವಿಲ್ಲ. ನೋಡಲು ಕನ್ನಡಕದ ಎರಡು ಗಾಜುಗಳು ಸಾಕು. ಫಿಲ್ಮಿನದೇ ಕಷ್ಟ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಈಗಿಲ್ಲ. ಹೊರದೇಶದ ಸುರುಳಿಗೆ ಹೆಚ್ಚು ಬೆಲೆ ತೆರಬೇಕು. ಒಂದು ಸುರುಳಿಗೆ ಆರೇ ಜೋಡಿಗಳು. ಮೊಬೈಲ್ ಫೋನಿನಿಂದ ಹಲವಾರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಕಲ್ಲಿನ ಘನಾಕೃತಿಯನ್ನು ರಚಿಸುವ ವಿಧಾನವು ಅಳತೆಗೆ ಇದಕ್ಕಿಂತ ಮೇಲೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ; ಅನುಕೂಲವಿದ್ದಲ್ಲಿ ಅದನ್ನೂ ಮಾಡುತ್ತೇವೆ. ಆದರೆ ಆರೇ ಜೋಡಿಗಳೆಂದು ತಿಳಿದ ವಿದ್ಯಾರ್ಥಿಯು ಶಟರನ್ನು ಒತ್ತುವ ಮುನ್ನ ಆ ಕಲ್ಲನ್ನು ಅರ್ಧ ಗಂಟೆ ನೋಡುತ್ತಾನೆ.

ಮೊದಲ ರಟ್ಟುಗಳು ವಿಭಾಗದ ಗ್ರಂಥಭಂಡಾರದಲ್ಲಿ, ತಮ್ಮ ತಮ್ಮ ಪಡಿಯಚ್ಚುಗಳ ಜೊತೆಯಲ್ಲಿಯೇ ಇವೆ. ತಪ್ಪಿದ ಜೇವರ್ಗಿಯ ಜೋಡಿಯನ್ನೂ ವೇಳೆಯ ಸಹಿತ ಅಲ್ಲಿಯೇ ಇರಿಸಿದ್ದೇವೆ.