ಪ್ರೊಫೈಲ್ ಫೋಲ್ಡರ್ ಯಾರದ್ದು?

ಸರ್ವರ್ ಲಿನಕ್ಸ್, ಅದರ ಮೇಲೆ ಸಾಂಬಾ. ಮೇಜಿನ ಮೇಲಿರೋದು ವಿಂಡೋಸ್ 10. ಇಂಥ ಆಫೀಸಿನಲ್ಲಿ ಲಾಗಿನ್ ಆದಾಗ ‘ಟೆಂಪರರಿ ಪ್ರೊಫೈಲ್’ ಅಂತ ಬಂದರೆ ಡೆಸ್ಕ್‌ಟಾಪ್‌ನಲ್ಲಿ ಏನೂ ಸೇವ್ ಮಾಡಬೇಡಿ. ಲಾಗ್ ಆಫ್ ಆದ ಕೂಡಲೇ ಎಲ್ಲ ಅಳಿಸಿಹೋಗುತ್ತೆ. ಈಗಾಗಲೇ ಮಾಡಿದ್ದರೆ ಮೊದಲು ಪೆನ್‌ಡ್ರೈವಿಗೆ ಹಾಕ್ಕೊಳ್ಳಿ.

ಆಮೇಲೆ ಸರ್ವರ್‌ನಲ್ಲಿ ಆ ಪ್ರೊಫೈಲ್ ಫೋಲ್ಡರಿನ ಮಾಲೀಕರು ಯಾರು ಅಂತ ನೋಡಿ. ಬ್ಯಾಕಪ್‌ನಿಂದ ರೂಟ್ ಆಗಿ ಕಾಪಿ ಮಾಡಿದ್ದರೆ ಫೋಲ್ಡರ್ ರೂಟ್‌ನ ಹೆಸರಲ್ಲೇ ಉಳಿದಿರಬಹುದು. ವಿಂಡೋಸ್ ಬರೀ ಓದೋ-ಬರೆಯೋ ಅನುಮತಿ ನೋಡಿ ಒಪ್ಪಲ್ಲ. ಫೋಲ್ಡರ್ ಬಳಕೆದಾರರದ್ದೋ ಅಡ್ಮಿನಿಸ್ಟ್ರೇಟರ್ಸ್ ಗುಂಪಿನದ್ದೋ ಆಗಿರಬೇಕು ಅನ್ನುತ್ತೆ. ಹಾಗಾಗಿ 777 ಕೊಡೋ ನಮ್ಮ ಸರ್ವರೋಗ ಮದ್ದು ಇಲ್ಲಿ ನಡೆಯಲ್ಲ. ಪಕ್ಕದವರಿಗೆ ನಿಮ್ಮ ಫೈಲ್ ಕಾಣುತ್ತೆ, ಅಷ್ಟೇ! ಚೌನ್ ಕಮಾಂಡ್‌ನಿಂದ ಮಾಲೀಕರನ್ನು ಬದಲಿಸಿ, ಅನುಮತಿ 700 ಇಡಿ.

ಫೋಲ್ಡರಿನ ಹೆಸರಿನ ಬಾಲವನ್ನೂ ನೋಡಿ: ವಿಂಡೋಸ್ 7ಕ್ಕೆ ‘.ವಿ2’, ವಿಂಡೋಸ್ 10ರ 1607ನೇ ಆವೃತ್ತಿಯಿಂದ ‘.ವಿ6’. ಹಳೇದನ್ನೇ ರಿಪೇರಿ ಮಾಡ್ತಾ ಕೂತರೆ ಹೊಸ ಸಿಸ್ಟಮ್ ಅದರ ಕಡೆ ತಿರುಗಿಯೂ ನೋಡಲ್ಲ.