ಅಧ್ಯಕ್ಷರ ಕಾವಲುಗಾರರಿಗೇ ಓ.ಟಿ. ಖೋತಾ!

ಓ.ಟಿ. ಅಂದರೆ ಏನೆಂದು ಬಸ್ ಕಂಡಕ್ಟರಿಗೋ ಮಿಲ್ಲಿನ ಕಾರ್ಮಿಕನಿಗೋ ಹೇಳಿಕೊಡಬೇಕಾಗಿಲ್ಲ. ಪಾಳಿ ಮುಗಿದ ಮೇಲೂ ದುಡಿದರೆ ಅದಕ್ಕೆ ಬೇರೆ ಕಾಸು. ಆದರೆ ಅಮೆರಿಕದ ಅಧ್ಯಕ್ಷರ ಬೆನ್ನ ಹಿಂದೆ ಕಪ್ಪು ಕನ್ನಡಕ ಹಾಕಿ ನಿಲ್ಲುವ ಸೀಕ್ರೆಟ್ ಸರ್ವಿಸ್‌ನವರಲ್ಲಿ ನೂರಾರು ಮಂದಿಗೆ ಈ ಸರಳ ಲೆಕ್ಕ ಸರಿಹೋಗಲಿಲ್ಲ. ದುಡಿದದ್ದು ಹೌದು, ಕಾಸು ಮಾತ್ರ ಕೈಗೆ ಬರಲಿಲ್ಲ.

ಕಾರಣ ಕಾನೂನೇ. ಅಲ್ಲಿನ ಕೇಂದ್ರ ಸರಕಾರಿ ನೌಕರನ ಸಂಬಳ, ಓ.ಟಿ. ಎರಡೂ ಸೇರಿ ಒಂದು ಮಿತಿ ದಾಟುವ ಹಾಗಿಲ್ಲ. 2016ರಲ್ಲಿ ಆ ಮಿತಿ ವರ್ಷದ ಲೆಕ್ಕದಲ್ಲಿ 1,60,300 ಡಾಲರ್. ಅದು ಮುಟ್ಟಿತೋ, ಆಮೇಲಿನ ರಾತ್ರಿ ಪಾಳಿ, ಭಾನುವಾರದ ಡ್ಯೂಟಿ ಎಲ್ಲ ಪುಕ್ಕಟೆ. ‘ಅಷ್ಟು ಸಂಬಳ ಸಾಲದೇ?’ ಎಂದು ಕೆಲವರು ಮೂಗು ಮುರಿದಾರು. ಸಂಬಳ ದೊಡ್ಡದೇ ಇರಬಹುದು ಸ್ವಾಮೀ, ಆದರೆ ‘ಇವತ್ತು ನನ್ನ ಓ.ಟಿ. ಮುಗೀತು, ಮನೆಗೆ ಹೋಗ್ತೀನಿ’ ಎಂದು ಅಧ್ಯಕ್ಷರನ್ನು ನಡುರಸ್ತೆಯಲ್ಲಿ ಬಿಟ್ಟು ಬರಲಿಕ್ಕಾಗುತ್ತದೆಯೇ?

ಈ ಇಲಾಖೆ 1865ರಲ್ಲಿ ಹುಟ್ಟಿದ್ದು ಖೋಟಾ ನೋಟು ಹಿಡಿಯುವುದಕ್ಕೆ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿ ಗುಂಡೇಟಿಗೆ ಬಲಿಯಾದ ಮೇಲೆ ಅಧ್ಯಕ್ಷರ ಕಾವಲು ಹೆಗಲಿಗೆ ಬಿತ್ತು. 1968ರಲ್ಲಿ ರಾಬರ್ಟ್ ಕೆನೆಡಿ ಹತ್ಯೆಯಾದ ಮೇಲೆ ಚುನಾವಣೆಗೆ ನಿಂತ ಪ್ರಮುಖ ಅಭ್ಯರ್ಥಿಗಳೂ ಸೇರಿದರು. ಕೆಲಸ ಬೆಳೆಯುತ್ತಲೇ ಹೋಯಿತು, ಜನ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

2016 ಚುನಾವಣೆಯ ವರ್ಷ. ಟ್ರಂಪ್ ಒಂದೂರಲ್ಲಿ, ಸ್ಯಾಂಡರ್ಸ್ ಇನ್ನೊಂದೂರಲ್ಲಿ ಸಭೆ. ಜತೆಗೆ ನ್ಯೂಯಾರ್ಕಿಗೆ ವಿಶ್ವಸಂಸ್ಥೆಯ ಅಧಿವೇಶನಕ್ಕೆ ಬರುವ ಪರದೇಶದ ಮುಖಂಡರು. ಮಿತಿ ಎಷ್ಟೋ ಮಂದಿಗೆ ಅರ್ಧದಾರಿಯಲ್ಲೇ ಮುಟ್ಟಿತು. ಕೊನೆಗೆ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಮಿತಿಯನ್ನು 1,85,100 ಡಾಲರಿಗೆ ಏರಿಸಿತು. ಒಬಾಮಾ ಸಹಿ ಹಾಕಿದರು. ಆದರೆ ಆ ಕಾನೂನು ಆ ಒಂದು ವರ್ಷಕ್ಕೆ ಮಾತ್ರ!

ಮರುವರ್ಷ ಮತ್ತೆ ಹಳೇ ಕಥೆ. ಒಬಾಮಾ ಕಾಲದಲ್ಲಿ 31 ಮಂದಿಗೆ ಇದ್ದ ಕಾವಲು ಟ್ರಂಪ್ ಬಂದ ಮೇಲೆ 42ಕ್ಕೆ ಏರಿತು, ಅದರಲ್ಲಿ 18 ಮಂದಿ ಅವರ ಕುಟುಂಬದವರೇ. 2017ರ ಆಗಸ್ಟಿಗೇ ಸಾವಿರಕ್ಕೂ ಮಿಕ್ಕಿ ಏಜೆಂಟರು ಮಿತಿ ಮುಟ್ಟಿಬಿಟ್ಟಿದ್ದಾರೆ ಎಂದು ಇಲಾಖೆಯ ಅಂದಿನ ನಿರ್ದೇಶಕ ರ‍್ಯಾಂಡಾಲ್ಫ್ ಏಲ್ಸ್ ಪತ್ರಿಕೆಯವರ ಮುಂದೆ ಹೇಳಿದರು. ಇದು ಟ್ರಂಪ್ ಕುಟುಂಬ ಒಂದರಿಂದಲೇ ಆದದ್ದಲ್ಲ, ಸುಮಾರು ಹತ್ತು ವರ್ಷದಿಂದ ಇರುವ ರೋಗ ಎಂದೂ ಸೇರಿಸಿದರು. ಯಜಮಾನನ ಮನೆ ಬಾಗಿಲಲ್ಲೇ ನಿಂತವರು ಇನ್ನೇನು ಹೇಳಿಯಾರು?

2018ರಲ್ಲಿ ಆ ಸವಲತ್ತನ್ನು ಮುಂದುವರಿಸಿದರು. ಅದೇ ವರ್ಷದ ಕೊನೆಗೆ ಇನ್ನೊಂದು ಮಸೂದೆ ತಂದು 2020ರವರೆಗೆ ಎಳೆದರು. ಬಾಡಿಗೆ ಕರಾರು ನವೀಕರಿಸಿದಂತೆ ತುಸು ತುಸು ವಾಯಿದೆ. ಶಾಶ್ವತವಾಗಿ ಒಂದೇ ಸಲ ಬಗೆಹರಿಸುವ ಮಾತು ಆಗ ಬರಲಿಲ್ಲ.

ಅಷ್ಟಾದರೂ ಎಲ್ಲರಿಗೂ ಪೂರ್ತಿ ದಕ್ಕುವ ಲೆಕ್ಕವಲ್ಲ ಅದು. ಮಿತಿಯನ್ನು 1,87,000 ಡಾಲರಿಗೆ ಏರಿಸಿದರೂ, ಹೆಚ್ಚು ಅನುಭವವುಳ್ಳ ಸುಮಾರು 130 ಏಜೆಂಟರಿಗೆ ದುಡಿದ ಗಂಟೆಗಳಿಗೆಲ್ಲ ದುಡ್ಡು ಸಿಗದು ಎಂದು 2017ರಲ್ಲೇ ಲೆಕ್ಕ ಹಾಕಿದ್ದರು.