ಅಮೆರಿಕದ ಕಾಲುಚೀಲವೂ ಶಿಡ್ಲಘಟ್ಟದ ಗೂಡೂ



ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೨೦ರಿಂದ ೧೯೪೦ರವರೆಗಿನ ಇಪ್ಪತ್ತು ವರ್ಷಗಳ ಕಾಲ ಜನರು ಹೇಗೆ ಬದುಕುತ್ತಿದ್ದರು, ಯಾವ ಪದಾರ್ಥಕ್ಕೆ ಎಷ್ಟು ಬೆಲೆ ತೆರುತ್ತಿದ್ದರು, ಯಾವುದರಲ್ಲಿ ವಿನೋದವನ್ನು ಕಾಣುತ್ತಿದ್ದರು ಎಂಬುದು ಈ ದಿನದ ಮಾತಿನ ವಿಷಯ. ಸಾವಿರಾರು ಮೈಲಿ ದೂರದ ಊರಿನ ಅಂಗಡಿಯ ಬೆಲೆಪಟ್ಟಿಯನ್ನು ಕಟ್ಟಿಕೊಂಡು ನಮಗೇನಾಗಬೇಕೆಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ನ್ಯೂಯಾರ್ಕಿನ ಹೆಣ್ಣುಮಗಳೊಬ್ಬಳು ತನ್ನ ಕಾಲುಚೀಲಕ್ಕೆಂದು ಎಣಿಸಿಕೊಟ್ಟ ಹಣಕ್ಕೂ, ಶಿಡ್ಲಘಟ್ಟದ ಸೀಮೆಯ ಒಕ್ಕಲಿಗನೊಬ್ಬನು ತನ್ನ ಹೊಲದ ಹಿಪ್ಪುನೇರಳೆಯ ಗಿಡವನ್ನು ಇಟ್ಟುಕೊಳ್ಳುವುದೋ ಕಿತ್ತುಹಾಕುವುದೋ ಎಂದು ಯೋಚಿಸುತ್ತ ಕುಳಿತುದಕ್ಕೂ ನೇರವಾದ ಸಂಬಂಧವಿತ್ತೆಂದರೆ, ಆ ಬೆಲೆಪಟ್ಟಿ ನಮ್ಮದೂ ಆಯಿತು.

ಮೊದಲು ಅಲ್ಲಿಯ ಸಂಗತಿ. ೧೯೨೭ರಿಂದ ನಮ್ಮ ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ನಿಯೆಂದು ದರವನ್ನು ಗೊತ್ತುಮಾಡಿದ್ದರು. ಆ ಲೆಕ್ಕದಲ್ಲಿ ಒಂದು ಡಾಲರಿಗೆ ಎರಡು ರೂಪಾಯಿ ಹನ್ನೆರಡಾಣೆಯ ಸುಮಾರು ಬೀಳುತ್ತಿತ್ತು. ೧೯೨೯ರಲ್ಲಿ ಅಮೆರಿಕದಲ್ಲಿ ಒಂದು ಪೌಂಡು ರೊಟ್ಟಿಗೆ ಒಂಬತ್ತು ಸೆಂಟು, ಎಂದರೆ ನಮ್ಮ ನಾಲ್ಕಾಣೆ. ಕೋಕಾಕೋಲ ಎಂಬ ಪಾನೀಯದ ಬಾಟಲಿಗೆ ಐದು ಸೆಂಟು, ಎರಡಾಣೆಗೆ ಕೊಂಚ ಮೇಲೆ. ಚಲಚ್ಚಿತ್ರದ ಟಿಕೀಟಿಗೆ ಸಾಮಾನ್ಯವಾಗಿ ಇಪ್ಪತ್ತೈದು ಸೆಂಟು, ಹನ್ನೊಂದಾಣೆ. ೧೨ ಕೋಟಿ ಜನರಿದ್ದ ಆ ದೇಶದಲ್ಲಿ ವಾರವೊಂದಕ್ಕೆ ಸುಮಾರು ೮ ಕೋಟಿ ಟಿಕೀಟುಗಳು ಮಾರಾಟವಾಗುತ್ತಿದ್ದುವು. ೧೯೦೮ರಲ್ಲಿ ಎಂಟುನೂರು ಡಾಲರಿಗೆ ಮೇಲಿದ್ದ ಫೋರ್ಡ್ ಮೋಟಾರು ೧೯೨೫ರ ವೇಳೆಗೆ ೨೬೦ ಡಾಲರಿಗೆ ಇಳಿದಿತ್ತು. ನಮ್ಮ ಏಳುನೂರು ರೂಪಾಯಿಯಷ್ಟು. ಕೈಯಲ್ಲಿ ಅಷ್ಟು ಹಣವಿಲ್ಲದವರು ತಿಂಗಳ ಕಂತಿನ ಮೇಲೆ ಕೊಳ್ಳುತ್ತಿದ್ದರು. ರೇಡಿಯೋ, ಬಟ್ಟೆ ಒಗೆಯುವ ಯಂತ್ರ, ಪಿಯಾನೋ ಎಲ್ಲವೂ ಕಂತಿನ ಮೇಲೆಯೇ. ಸಾಲವೆಂದರೆ ನಾಚಿಕೆಯೆಂಬ ಭಾವನೆ ಅಲ್ಲಿಯೂ ಹಿಂದೆ ಇದ್ದಿತು. ಕಂತೆಂಬ ಹೆಸರು ಬಂದಮೇಲೆ ಆ ನಾಚಿಕೆ ಹೋಯಿತು.

ಇದೇ ಕಾಲದಲ್ಲಿ ಅಲ್ಲಿಯ ಹೆಂಗಸರ ಉಡುಪು ಕಣಕಾಲಿನಿಂದ ಮೊಣಕಾಲಿಗೆ ಏರಿತು. ಕಾಲು ಕಾಣತೊಡಗಿದೊಡನೆ ಕಾಲುಚೀಲಕ್ಕೆ ಬೆಲೆ ಬಂದಿತು. ಸೀರೆಯ ನೆರಿಗೆ ಪಾದವನ್ನು ಮುಟ್ಟುವ ದೇಶದಲ್ಲಿ ಹುಟ್ಟಿದ ನಮಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ರೇಷ್ಮೆಯ ಕಾಲುಚೀಲವಿಲ್ಲದೆ ಕಛೇರಿಗೆ ಹೋಗುವುದು ಅಲ್ಲಿನ ಬೆರಳಚ್ಚಿನ ಹುಡುಗಿಗೆ, ಕುಂಕುಮವಿಲ್ಲದೆ ಹೊರಡುವುದು ನಮ್ಮ ಗೃಹಿಣಿಗೆ ಎಷ್ಟೋ ಅಷ್ಟೇ ಕಷ್ಟವಾಗಿತ್ತು. ಒಂದು ಜೊತೆಗೆ ಒಂದರಿಂದ ಎರಡು ಡಾಲರು. ಅದು ಬಲು ನಯವಾದ ವಸ್ತು. ಉಗುರು ತಾಗಿದರೆ ಎಳೆ ಹರಿದು ಮೇಲಿನಿಂದ ಕೆಳಗಿನವರೆಗೆ ಓಡುತ್ತಿತ್ತು. ಆದುದರಿಂದ ಕೊಂಡವಳು ಮತ್ತೆ ಮತ್ತೆ ಕೊಳ್ಳಬೇಕು. ಚಲಚ್ಚಿತ್ರದ ನಟಿಯರನ್ನು ನೋಡಿ ಹಳ್ಳಿಯ ಹುಡುಗಿಯೂ ಅದನ್ನೇ ಬಯಸಿದಳು.

ಈ ರೇಷ್ಮೆ ಎಲ್ಲಿಂದ ಬರುತ್ತಿತ್ತು? ಬಹುಪಾಲು ಜಪಾನಿನಿಂದ. ಅಲ್ಲಿ ಸುಮಾರು ೨೦ ಲಕ್ಷ ಒಕ್ಕಲು ಕುಟುಂಬಗಳು ಹುಳು ಸಾಕುತ್ತಿದ್ದುವು, ಮತ್ತು ಆ ದೇಶವು ಹೊರಗೆ ಕಳುಹಿಸಿದ ಕಚ್ಚಾ ರೇಷ್ಮೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಮೆರಿಕಕ್ಕೇ ಹೋಗುತ್ತಿತ್ತು. ಹಡಗಿನಿಂದ ಪಶ್ಚಿಮ ತೀರದಲ್ಲಿ ಇಳಿದ ಮೂಟೆಗಳನ್ನು ಪೂರ್ವ ತೀರಕ್ಕೆ ಒಯ್ಯಲು ರೇಷ್ಮೆಗೆಂದೇ ವಿಶೇಷ ರೈಲುಗಳಿದ್ದುವು. ದಾರಿಯಲ್ಲಿ ವಿಮೆಯ ಖರ್ಚು ಗಂಟೆಗಂಟೆಗೂ ಏರುತ್ತಿದ್ದುದರಿಂದ ಈ ರೈಲು ಬರುತ್ತದೆಂದರೆ ಪ್ರಯಾಣಿಕರ ಗಾಡಿಗಳನ್ನೂ ಪಕ್ಕದ ಹಳಿಗೆ ಸರಿಸಿ ನಿಲ್ಲಿಸುತ್ತಿದ್ದರು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಮುಟ್ಟಿ ಕೋಲಾರದ ಕಡೆಗೆ ತೆವಳುತ್ತಿದ್ದ ನಮ್ಮ ಎರಡೂವರೆ ಅಡಿಯ ಹಳಿಯ ಚಿಕ್ಕ ರೈಲನ್ನು ಕಂಡವರಿಗೆ ಇದನ್ನು ಕೇಳಿ ನಗು ಬಂದೀತು. ನಮ್ಮ ರೈಲಿಗೆ ದನ ಅಡ್ಡಬಂದರೂ ನಿಲ್ಲಬೇಕಾಗಿತ್ತು.

ಆ ಕಾಲುಚೀಲಗಳಲ್ಲಿ ನಮ್ಮ ಸೀಮೆಯ ಎಳೆ ಇತ್ತೆ? ಇರಲಿಲ್ಲ. ಇದನ್ನು ಕೊಂಚ ಬಿಡಿಸಿ ಹೇಳಬೇಕು. ಕಾಲುಚೀಲವನ್ನು ಯಂತ್ರವು ನೂರಾರು ಸೂಜಿಗಳಿಂದ ಚಪ್ಪಟೆಯಾಗಿ ಹೆಣೆದು, ಅನಂತರ ಹಿಂಬದಿಯಲ್ಲಿ ಹೊಲಿಗೆ ಹಾಕಿ ಮುಗಿಸುತ್ತಿದ್ದರು. ಎಳೆಯು ಎಲ್ಲಿಯಾದರೂ ದಪ್ಪವಾದರೆ ಗೆರೆ ಬೀಳುವುದು. ಸಣ್ಣವಾದರೆ ಹರಿದು ಯಂತ್ರ ನಿಲ್ಲುವುದು. ಆದುದರಿಂದ ಸಮವಾದ ಎಳೆಯನ್ನಲ್ಲದೆ ಅಮೆರಿಕದ ಗಿರಣಿ ಬೇರೆಯದನ್ನು ಮುಟ್ಟುತ್ತಿರಲಿಲ್ಲ. ನಮ್ಮ ಮೈಸೂರು ತಳಿಯ ಹುಳು ಹಸುರು ಮಿಶ್ರಿತ ಹಳದಿಯ ಚಿಕ್ಕ ಗೂಡನ್ನು ಕಟ್ಟುತ್ತದೆ. ಅದರ ಎಳೆ ಜಪಾನಿನ ಬಿಳಿಯ ಗೂಡಿನ ಎಳೆಗಿಂತ ಬಹಳ ಗಿಡ್ಡ. ಅದನ್ನು ಬಿಸಿನೀರಿನಲ್ಲಿ ಹಾಕಿ ಕೈಯ ಚರಕದಲ್ಲಿ ಬಿಚ್ಚಿದರೆ ಬರುವ ನೂಲು ಹೊಳಪಿನದು, ಬಲವಾದುದು, ಆದರೆ ಸಮವಲ್ಲ. ಕೈಮಗ್ಗದ ನೇಕಾರನ ಬೆರಳು ಆ ಏರುತಗ್ಗುಗಳನ್ನು ಅರಿತು ಹೊಂದಿಸಿಕೊಳ್ಳಬಲ್ಲುದು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ೧೮೯೮ರಲ್ಲಿಯೇ ಜಪಾನನ್ನು ನೋಡಿ ಬಂದವರು. ಅವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರವರೆಗಿನ ಕಾಲದಲ್ಲಿ ಇಟಲಿಯ ತಜ್ಞರನ್ನು ಕರೆಯಿಸಿ ರೇಷ್ಮೆಯನ್ನು ಸುಧಾರಿಸುವ ಯತ್ನ ನಡೆಯಿತು. ಆದರೂ ನಮ್ಮ ನೂಲು ಸೀರೆಗೇ ಉಳಿಯಿತು. ಅದೇನೂ ಅವಮಾನವಲ್ಲ, ದೇಶದ ಕೈಮಗ್ಗಗಳೇ ಅದಕ್ಕೆ ಸಾಕಷ್ಟು ದೊಡ್ಡ ಪೇಟೆಯಾಗಿದ್ದುವು.

ಹೀಗಿರಲು ೧೯೨೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುರಿದುಬಿದ್ದಿತು. ೧೯೩೩ರ ವೇಳೆಗೆ ಅಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಬೆಲೆಗಳೆಲ್ಲ ಇಳಿದುವು. ಒಂದು ಡಜನ್ ಕೋಳಿಮೊಟ್ಟೆ ಐವತ್ತು ಸೆಂಟಿಗೆ ಮೇಲಿದ್ದುದು ಮೂವತ್ತಕ್ಕೂ ಕೆಳಗೆ ಬಂದಿತು. ಆದರೆ ಅಗ್ಗವಾದ ಮೊಟ್ಟೆಯನ್ನು ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ವಿಚಿತ್ರವೆಂದರೆ ಹೆಂಗಸರು ರೇಷ್ಮೆಯ ಕಾಲುಚೀಲವನ್ನು ಬಿಡಲಿಲ್ಲ; ಕೆಲಸ ಹುಡುಕಿಕೊಂಡು ಹೋಗುವುದಕ್ಕೂ ಅದು ಬೇಕಷ್ಟೆ. ಬಿಟ್ಟದ್ದು ರೇಷ್ಮೆಯ ಬಟ್ಟೆಯನ್ನು. ಅದರ ಸ್ಥಾನಕ್ಕೆ ಮರದ ತಿರುಳಿನಿಂದ ಮಾಡಿದ ಕೃತಕ ರೇಷ್ಮೆ ಬಂದಿತು. ಕಾಲುಚೀಲದ ಬೆಲೆಯೂ ಡಾಲರಿಗಿಂತ ಕೆಳಗಿಳಿಯಿತು. ೧೯೨೯ರಲ್ಲಿ ಪೌಂಡಿಗೆ ಐದು ಡಾಲರಿನ ಸುಮಾರು, ಎಂದರೆ ಹದಿಮೂರು ರೂಪಾಯಿಗೆ ಮೇಲೆ ಇದ್ದ ಜಪಾನಿನ ಕಚ್ಚಾ ರೇಷ್ಮೆ ೧೯೩೪ರಲ್ಲಿ ಒಂದೂವರೆ ಡಾಲರಿಗೂ ಕಡಮೆಯಾಯಿತು. ಆಗಿನ ದರದಲ್ಲಿ ಅದು ಮೂರೂವರೆ ರೂಪಾಯಿಯ ಸುಮಾರು.

ಅಮೆರಿಕದಲ್ಲಿ ಬಿಕರಿಯಾಗದೆ ಉಳಿದ ಸರಕು ಎಲ್ಲಿಯಾದರೂ ಹೋಗಲೇಬೇಕಲ್ಲವೆ? ಜಪಾನಿನ ಒಕ್ಕಲಿಗನಿಗೆ ಬೆಲೆ ಇಳಿಯಿತೆಂದು ಹುಳುವನ್ನು ಬಿಡುವ ಹಾಗಿಲ್ಲ. ಹಿಪ್ಪುನೇರಳೆಯ ಗಿಡ ವರ್ಷವರ್ಷವೂ ಚಿಗುರುತ್ತದೆ, ಬೇರೆ ಆದಾಯವಿಲ್ಲ. ಅವನು ಹಿಂದಿನ ಹಣ ಹುಟ್ಟಲೆಂದು ಇನ್ನೂ ಹೆಚ್ಚು ಗೂಡು ಬೆಳೆದನು. ೧೯೩೧ರ ಡಿಸೆಂಬರಿನಲ್ಲಿ ಜಪಾನು ಚಿನ್ನದ ನಾಣ್ಯಪದ್ಧತಿಯನ್ನು ಬಿಟ್ಟಿತು. ಒಂದು ವರ್ಷದೊಳಗಾಗಿ ಡಾಲರಿನ ಲೆಕ್ಕದಲ್ಲಿ ಯೆನ್ ನಾಣ್ಯದ ಬೆಲೆ ಅರ್ಧಕ್ಕೂ ಕೆಳಗೆ ಹೋಯಿತು. ಆ ದೇಶದ ರೇಷ್ಮೆ ಹೊರಗಿನವರಿಗೆ ಮತ್ತಷ್ಟು ಸೋವಿಯಾಯಿತು. ಜಪಾನಿನದೂ ಚೀನದದೂ ಆದ ರೇಷ್ಮೆ ಮತ್ತು ಕೃತಕ ರೇಷ್ಮೆಯ ನೂಲು ನಮ್ಮ ಬಂದರುಗಳಲ್ಲಿ ಇಳಿದು, ನಮ್ಮ ನೂಲನ್ನೇ ನಂಬಿದ್ದ ಮಗ್ಗಗಳ ಬಾಗಿಲಿಗೆ ಬಂದು ನಿಂತಿತು.

ಬೆಲೆ ಇಳಿದಾಗ ರಾಗಿ ಬೆಳೆದವನು ಹಗೇವಿನಲ್ಲಿ ತುಂಬಿ ಕಾಯಬಹುದು. ಹುಣಿಸೆಹಣ್ಣಾದರೆ ಕುಡಿಕೆಯಲ್ಲಿ ವರ್ಷವಿಡೀ ಇಡಬಹುದು. ಗೂಡನ್ನು ಇಡಲಾಗದು. ತಿಂಗಳಿಡೀ ಹೆಂಗಸರು ಹಗಲಿರುಳೆನ್ನದೆ ಸೊಪ್ಪು ಹಾಕಿ, ಒಂದೊಂದು ಜ್ವರವನ್ನೂ ದಾಟಿಸಿ ಸಾಕುತ್ತಾರೆ. ಹುಳು ಪೊರೆ ಬಿಡುವುದಕ್ಕೆ ಈ ಸೀಮೆಯಲ್ಲಿ ಜ್ವರವೆಂದೇ ಹೆಸರು. ಕಡೆಯ ಜ್ವರ ಕಳೆದಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು ಹೊರಗೆ ಮಳೆ ಹನಿಯುವಂತೆ ಕೇಳಿಸುತ್ತದೆ. ಹುಳು ಹಣ್ಣಾಗುತ್ತಲೇ ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಗೂಡು ಕಟ್ಟಿ ಹತ್ತು ಹನ್ನೆರಡು ದಿನಗಳಾದರೆ ಒಳಗಿನ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುವುದು. ಆಮೇಲೆ ಆ ಗೂಡಿನಿಂದ ಎಳೆ ಬಿಚ್ಚುವಂತಿಲ್ಲ. ಆದುದರಿಂದ ಬಂದ ಬೆಲೆಗೆ ಕೊಡಲೇಬೇಕು. ಮನೆಬಾಗಿಲಿಗೆ ಬಂದ ವರ್ತಕನಿಗೆ ಇದು ಚೆನ್ನಾಗಿ ಗೊತ್ತು. ಅವನು ಆ ದಿನ ಸುಮ್ಮನೆ ಎದ್ದುಹೋಗಿ ಎರಡು ದಿನ ಬಿಟ್ಟು ಬಂದರೂ ಸಾಕು. ಯೊಕೊಹಾಮದಲ್ಲಿ ಇಳಿದ ಬೆಲೆ ಹೀಗೆ ಹಳ್ಳಿಯ ಜಗಲಿಯನ್ನು ತಲಪುತ್ತಿತ್ತು. ರೈತನಿಗೆ ಕಾರಣ ತಿಳಿಯುತ್ತಿರಲಿಲ್ಲ, ಬೆಲೆ ಮಾತ್ರ ತಿಳಿಯುತ್ತಿತ್ತು. ಎಷ್ಟೋ ಮಂದಿ ಗಿಡ ಕಿತ್ತು ರಾಗಿಯನ್ನೋ ಕಡಲೆಕಾಯನ್ನೋ ಬಿತ್ತಿದರು.

ಭಾರತದ ಸುಂಕ ಮಂಡಲಿಯು ೧೯೩೩ರಲ್ಲಿ ರೇಷ್ಮೆ ಕೈಗಾರಿಕೆಯ ವಿಚಾರಣೆ ನಡೆಸಿ, ೧೯೩೪ರಲ್ಲಿ ರಕ್ಷಣೆಯ ಸುಂಕ ಬಂದಿತು. ಜಪಾನಿನ ಬೆಲೆ ಇನ್ನೂ ಇಳಿಯುತ್ತಲೇ ಇದ್ದುದರಿಂದ ಅದು ಅರ್ಧ ಛತ್ರಿಯಷ್ಟೆ ಆಯಿತೆಂದು ನನ್ನ ಅಭಿಪ್ರಾಯ.

ಅಮೆರಿಕದ ವಿನೋದಗಳಾದರೆ ನಮ್ಮಲ್ಲಿಗೆ ಬೇಗ ಬಂದುವು. ೧೯೨೭ರಲ್ಲಿ ಅಲ್ಲಿ ಚಿತ್ರ ಮಾತನಾಡಿತು. ೧೯೩೪ರಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿ ಮಾತನಾಡಿತು. ೧೯೨೦ರ ನವೆಂಬರಿನಲ್ಲಿ ಪಿಟ್ಸ್‌ಬರ್ಗಿನ ರೇಡಿಯೋ ನಿಲಯ ಚುನಾವಣೆಯ ಫಲಿತಾಂಶವನ್ನು ಬಿತ್ತರಿಸಿತು. ೧೯೩೫ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಆಕಾಶವಾಣಿ ನುಡಿಯಿತು. ಗೌರಿಬಿದನೂರಿನವರಿಗೆ ಮಾತ್ರ ಆ ದಶಕವೆಂದರೆ ಟಾಕಿಗಿಂತ ಮೊದಲು ನೆನಪಾಗುವುದು ೧೯೩೮ರ ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರು. ಅದು ಬೇರೆಯೇ ಒಂದು ಉಪನ್ಯಾಸಕ್ಕೆ ತಕ್ಕ ವಿಷಯ.

ಅದೇ ೧೯೩೮ರ ಅಕ್ಟೋಬರಿನಲ್ಲಿ ಡ್ಯೂಪಾಂಟ್ ಸಂಸ್ಥೆಯವರು ನೈಲಾನ್ ಎಂಬ ಹೊಸ ನೂಲನ್ನು ಲೋಕಕ್ಕೆ ಸಾರಿದರು. ೧೯೪೦ರ ಮೇ ೧೫ರಂದು ಅಮೆರಿಕದಾದ್ಯಂತ ನೈಲಾನ್ ಕಾಲುಚೀಲ ಮಾರಾಟಕ್ಕೆ ಬಂದಿತು. ಜೊತೆಗೆ ಒಂದು ಡಾಲರು ಹದಿನೈದು ಸೆಂಟಿನಷ್ಟು ಬೆಲೆ; ಆ ವೇಳೆಗೆ ಡಾಲರಿಗೆ ಮೂರು ರೂಪಾಯಿ ಐದಾಣೆಯಾಗಿದ್ದುದರಿಂದ ನಮ್ಮ ಮೂರು ರೂಪಾಯಿ ಹದಿಮೂರಾಣೆ. ರೇಷ್ಮೆಯದಕ್ಕಿಂತ ಹೆಚ್ಚೇ ಆದರೂ ಜನರು ಮುಗಿಬಿದ್ದರು. ೧೯೪೧ರ ಜುಲೈ ತಿಂಗಳಲ್ಲಿ ಅಮೆರಿಕ ಸರ್ಕಾರ ಜಪಾನಿನ ಆಸ್ತಿಯನ್ನು ತಡೆಹಿಡಿದು, ಅಲ್ಲಿಂದ ರೇಷ್ಮೆ ಬರುವುದು ನಿಂತಿತು. ನೈಲಾನನ್ನೂ ಯುದ್ಧಕ್ಕೆಂದು, ಪ್ಯಾರಾಷೂಟಿಗೂ ಹಗ್ಗಕ್ಕೂ ತೆಗೆದುಕೊಂಡರು. ಆಗ ಹೆಂಗಸರು ಕಾಲಿಗೆ ಬಣ್ಣ ಬಳಿದುಕೊಂಡು, ಹಿಂಬದಿಯಲ್ಲಿ ಹುಬ್ಬಿನ ಕಡ್ಡಿಯಿಂದ ಆ ಹಳೆಯ ಹೊಲಿಗೆಯ ಗೆರೆಯನ್ನು ಎಳೆದುಕೊಳ್ಳುತ್ತಿದ್ದರು. ಕಾಲುಚೀಲವೇ ಇಲ್ಲ, ಅದರ ಹೊಲಿಗೆ ಮಾತ್ರ ಉಳಿದಿತ್ತು! ಯುದ್ಧ ಮುಗಿದು ನೈಲಾನ್ ಮತ್ತೆ ಅಂಗಡಿಗೆ ಬಂದಾಗ, ೧೯೪೬ರಲ್ಲಿ ಪಿಟ್ಸ್‌ಬರ್ಗಿನಲ್ಲಿ ೧೩,೦೦೦ ಜೊತೆಗಳಿಗೆ ೪೦,೦೦೦ ಜನರು ಸಾಲುಗಟ್ಟಿ ಕೈಕೈ ಮಿಲಾಯಿಸಿದರು.

ನಮ್ಮ ಸೀಮೆಗೆ ಈ ಯುದ್ಧ ಲಾಭವನ್ನೇ ತಂದಿತು. ಜಪಾನಿನ ಬಾಗಿಲು ಮುಚ್ಚಿದೊಡನೆ ಮಿತ್ರಪಕ್ಷದವರಿಗೆ ಪ್ಯಾರಾಷೂಟಿಗಾಗಿ ಮೈಸೂರಿನ ರೇಷ್ಮೆ ಬೇಕಾಯಿತು. ಗೂಡಿನ ಬೆಲೆ ಏರಿತು, ಕಿತ್ತ ಹೊಲಗಳಲ್ಲಿ ಮತ್ತೆ ಹಿಪ್ಪುನೇರಳೆಯ ಕಡ್ಡಿ ನೆಟ್ಟರು. ಶಾಂತಿ ಬಂದಮೇಲೆ ಬೆಲೆ ಮತ್ತೆ ಇಳಿಯಿತು. ರೈತನ ಲೆಕ್ಕದಲ್ಲಿ ಶಾಂತಿಯೂ ಖರ್ಚಿನ ಬಾಬತ್ತಾಯಿತು.

೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಲಿ ಏರ್ಪಟ್ಟಿತು. ೧೯೫೯ರಲ್ಲಿ ಮೈಸೂರು ರಾಜ್ಯವು ಗೂಡಿನ ವ್ಯಾಪಾರವನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. ಮನೆಬಾಗಿಲಿನ ಚೌಕಾಸಿ ಹೋಗಿ ಸರ್ಕಾರದ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜು ಬಂದುದು ಇದರಿಂದ. ಆಗ ಕೋಲಾರ ಜಿಲ್ಲೆಗೆ ಸೇರಿದ್ದು ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಾಗಿರುವ ಈ ಸೀಮೆಯಲ್ಲಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇಂದು ದೇಶದ ಅತಿ ದೊಡ್ಡವುಗಳಲ್ಲೊಂದು. ನ್ಯೂಯಾರ್ಕಿನ ಕಾಲುಚೀಲದ ಮಾತು ಅಲ್ಲಿ ಈಗ ಯಾರಿಗೂ ಬೇಡ. ಚೀನದ ರೇಷ್ಮೆಯ ಬೆಲೆಯ ಮಾತು ಬೇಕು. ೨೦೧೧ರ ಆಯವ್ಯಯದಲ್ಲಿ ಹೊರಗಿನ ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇಕಡಾ ೩೦ರಿಂದ ೫ಕ್ಕೆ ಇಳಿಸಿದಾಗ ಈ ಸೀಮೆಯ ರೈತರೂ ನೂಲು ಬಿಚ್ಚುವವರೂ ಒಟ್ಟಾಗಿ ಕೂಗೆಬ್ಬಿಸಿದರು. ಅಲ್ಲಿ ಹಳದಿಯ ಗೂಡಿನ ರಾಶಿಗಳ ಪಕ್ಕದಲ್ಲಿ ಈಗ ಬಿಳಿಯ ಗೂಡಿನ ರಾಶಿಗಳೂ ಬೀಳುತ್ತವೆ. ಸಮವಾದ ಉದ್ದನೆಯ ಎಳೆಯ ಆ ಬಿಳಿಯ ಗೂಡನ್ನು ಬೆಳೆಯುವ ಕ್ರಮವನ್ನು ೧೯೯೧ರಿಂದ ಮೊದಲ್ಗೊಂಡು ನಮ್ಮ ತಜ್ಞರೊಡನೆ ಕೂಡಿ ಕಲಿಸಿದವರು ಜಪಾನಿನವರು. ಅವರ ದೇಶದಲ್ಲಿ ಆ ವೇಳೆಗೆ ಹುಳು ಸಾಕುವ ಮನೆಗಳು ಬೆರಳೆಣಿಕೆಗೆ ಇಳಿಯುತ್ತಲಿದ್ದುವು.